ವೀಟನ್ ಕಾಲೇಜಿಗೆ ಮಗಳನ್ನು ಕಳಿಸಬಹುದೇ?

ಪ್ರಶ್ನೆ: ನಮ್ಮದು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಮಗಳು ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಅಮೆರಿಕದ ವೀಟನ್ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮ ಸಭಾಪಾಲಕರು, "ಅದು ಹೆಸರಾಂತ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ ಓದಿದ ಕಾಲೇಜು, ಕುಡಿತ ಗಿಡಿತ ಏನೂ ಇಲ್ಲ, ಧೈರ್ಯವಾಗಿ ಕಳಿಸಿರಿ" ಎಂದರು. ಬೆಂಗಳೂರಿನ ಪಿಜಿಗೆ ಕಳಿಸಲೂ ಹೆದರುವ ನಮ್ಮ ಯಜಮಾನರಿಗೆ ಈ ಮಾತು ಹಿಡಿಸಿಬಿಟ್ಟಿದೆ. ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರುವ ನನ್ನ ತಮ್ಮ ಮಾತ್ರ "ಅಕ್ಕಾ, ಅದು ಕಾಲೇಜ್ ಅಲ್ಲ, ಚರ್ಚ್ ಐತಿ. ಮುಂದ ನೌಕರಿಗೆ ಕಷ್ಟ ಆಗತೈತಿ" ಎನ್ನುತ್ತಾನೆ. ಅಲ್ಲಿನ ವಿದ್ಯಾರ್ಥಿ ಜೀವನ ನಿಜಕ್ಕೂ ಹೇಗಿರುತ್ತದೆ? ಯಾರ ಮಾತು ಕೇಳೋಣ?

ಉತ್ತರ: ನಿಮ್ಮ ಸಭಾಪಾಲಕರು ಹೇಳಿದ್ದು ಸುಳ್ಳಲ್ಲ. ತಮ್ಮನ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ಪತ್ರ ಓದಿದಾಗ ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಯಜಮಾನರ ನಿರಾಳ ಭಾವ. ಚಿನ್ನವನ್ನು ಬ್ಯಾಂಕ್ ಲಾಕರಿನಲ್ಲಿಟ್ಟ ಹಾಗೆ ಮಗಳನ್ನು ಒಂದು ಕ್ರೈಸ್ತ ಕಾಲೇಜಿನಲ್ಲಿಟ್ಟರೆ ನಾಲ್ಕು ವರ್ಷದ ನಂತರ ಇದ್ದ ಹಾಗೇ ವಾಪಸ್ ಸಿಗುತ್ತಾಳೆ ಎಂದು ಅವರು ಅಂದುಕೊಂಡಿದ್ದರೆ, ವೀಟನ್ ಅದಕ್ಕೆ ತಕ್ಕ ಜಾಗವಲ್ಲ. ಅಲ್ಲಿನ ಕಟ್ಟುಪಾಡುಗಳೆಲ್ಲ ವಿದ್ಯಾರ್ಥಿ ಮನಸಾರೆ ಒಪ್ಪಿ ಸಹಿ ಹಾಕಿದ್ದಾಳೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಅಪ್ಪ ಅಮ್ಮನ ಪರವಾಗಿ ಕಾವಲು ಕಾಯುವುದು ಆ ಕಾಲೇಜಿನ ಕೆಲಸವಲ್ಲ, ಹಾಗೆ ಕಾಯುತ್ತೇವೆ ಎಂದು ಅವರು ಎಲ್ಲೂ ಹೇಳುವುದೂ ಇಲ್ಲ.

ಮೊದಲು ಊರಿನ ವಿಷಯ. ಇಲಿನಾಯ್ ರಾಜ್ಯದ ವೀಟನ್ ಪಟ್ಟಣ ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ಲೋಕಲ್ ರೈಲು ಕ್ಯಾಂಪಸ್ಸಿನ ಪಕ್ಕದಲ್ಲೇ ಹಾದುಹೋಗುತ್ತದೆ, ಒಂದು ಗಂಟೆಯ ಆಸುಪಾಸಿನಲ್ಲಿ ಶಿಕಾಗೋ ನಗರದ ಮಧ್ಯಕ್ಕೆ ತಲುಪಿಸುತ್ತದೆ. ನಿಮ್ಮ ತಮ್ಮನ ನೇಪರ್‌ವಿಲ್ ಕಾರಿನಲ್ಲಿ ಅರ್ಧ ಗಂಟೆಯ ಹಾದಿ. ನೇಪರ್‌ವಿಲ್, ಅರೋರಾ ಕಡೆ ಕನ್ನಡದ ಮನೆಗಳು ಬೇಕಾದಷ್ಟಿವೆ, ಆದ್ದರಿಂದ ಸಾರು ಅನ್ನಕ್ಕೆ ಮಗಳು ಬಾಯಿ ಬಿಡಬೇಕಾಗಿಲ್ಲ. ಪದವಿ ತರಗತಿಗಳಲ್ಲಿ ಇರುವವರು ಎರಡು ಸಾವಿರಕ್ಕೆ ತುಸು ಹೆಚ್ಚು. ನಮ್ಮ ಹುಬ್ಬಳ್ಳಿ ಧಾರವಾಡದ ದೊಡ್ಡ ಕಾಲೇಜುಗಳಿಗೆ ಹೋಲಿಸಿದರೆ ಪುಟ್ಟ ಸಂಸ್ಥೆ. ಒಂದೇ ವರ್ಷದಲ್ಲಿ ಎಲ್ಲರ ಮುಖ ಎಲ್ಲರಿಗೂ ಪರಿಚಯ. ಕೆಲವು ಮಕ್ಕಳಿಗೆ ಇದೇ ಇಷ್ಟ, ಕೆಲವರಿಗೆ ಇದೇ ಉಸಿರುಗಟ್ಟಿಸುತ್ತದೆ.

"ಕ್ರೈಸ್ತ ಕಾಲೇಜು" ಎಂದ ಕೂಡಲೇ ನಿಮ್ಮ ಕಣ್ಣೆದುರು ಬರುವುದು ಧಾರವಾಡದ ಬಾಸೆಲ್ ಮಿಶನ್ ಶಾಲೆಯೋ ಮಂಗಳೂರಿನ ಸಂತ ಅಲೋಶಿಯಸ್ಸೋ ಇರಬೇಕು. 1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದ ಮೇಲೆ ನಮ್ಮಲ್ಲಿ ಬೆಳೆದ ಮಿಶನ್ ಶಾಲೆಗಳ ಬೆಂಚುಗಳಲ್ಲಿ ಕೂತವರು ಬಹುಪಾಲು ಕ್ರೈಸ್ತರಲ್ಲದವರೇ. ಆಡಳಿತ ಸಭೆಯದು, ಮಕ್ಕಳು ಊರಿನವರು. ವೀಟನ್‌ನಲ್ಲಿ ಹಾಗಲ್ಲ. ಅಲ್ಲಿಗೆ ಅರ್ಜಿ ಹಾಕುವ ವಿದ್ಯಾರ್ಥಿ ತನ್ನ ಕ್ರೈಸ್ತ ನಂಬಿಕೆಯ ಬಗ್ಗೆ ಬರೆದುಕೊಡಬೇಕು, ಸಭೆಯ ಕಡೆಯಿಂದ ಶಿಫಾರಸು ಬೇಕು. ಪಾಠ ಹೇಳುವ ಪ್ರತಿಯೊಬ್ಬರೂ ಕಾಲೇಜಿನ ವಿಶ್ವಾಸ ಪ್ರಮಾಣಕ್ಕೆ ವರ್ಷ ವರ್ಷವೂ ಒಪ್ಪಿಗೆ ಕೊಡಬೇಕು. ಧಾರವಾಡದಲ್ಲಿ ಹುಟ್ಟಿ ಬೆಳೆದ ನಿಮ್ಮ ಮಗಳು ಇಷ್ಟು ವರ್ಷ ಲಿಂಗಾಯತ, ಮುಸ್ಲಿಂ, ಬ್ರಾಹ್ಮಣ, ಜೈನ ಗೆಳತಿಯರ ನಡುವೆ ಒಬ್ಬಳೇ ಕ್ರೈಸ್ತಳಾಗಿ ಇದ್ದಿರಬಹುದು. ಅಲ್ಲಿ ಮೊದಲ ಬಾರಿಗೆ ಸುತ್ತಲಿನವರೆಲ್ಲ ಕ್ರೈಸ್ತರೇ ಆಗಿರುತ್ತಾರೆ. ಊಟದ ಮೇಜಿನ ಮೇಲೂ ದೇವರ ವಿಷಯ, ರೂಮ್‌ಮೇಟ್ ಜೊತೆಯೂ ದೇವರ ವಿಷಯ. ಇದು ಅವಳಿಗೆ ಹಬ್ಬವೂ ಆಗಬಹುದು, ಬೇಸರವೂ ಆಗಬಹುದು. ಭಾರತದಿಂದ ಹೋಗುವ ಮಕ್ಕಳ ಮನೆಯವರು ಕುಡಿತ ಸಿಗರೇಟಿನ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಈ ಬದಲಾವಣೆಯ ಬಗ್ಗೆ ಕೇಳಿದವರು ನನಗಂತೂ ಸಿಕ್ಕಿಲ್ಲ.

ಕಾಲೇಜು ಶುರುವಾದದ್ದು 1860ರಲ್ಲಿ. ಮೊದಲ ಅಧ್ಯಕ್ಷ ಜೋನಾಥನ್ ಬ್ಲಾಂಚರ್ಡ್ ಗುಲಾಮಗಿರಿಯ ಕಟ್ಟಾ ವಿರೋಧಿ. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಕಾಲೇಜಿನ ಕಟ್ಟಡದಲ್ಲಿ ಆಸರೆ ಸಿಗುತ್ತಿತ್ತು. ಆ ಕಟ್ಟಡಕ್ಕೆ ಇಂದು ಬ್ಲಾಂಚರ್ಡ್ ಹಾಲ್ ಎಂದೇ ಹೆಸರು. 1866ರಲ್ಲಿ ಇಲ್ಲಿಂದ ಪದವಿ ಪಡೆದ ಎಡ್ವರ್ಡ್ ಸೆಲ್ಲರ್ಸ್ ಇಲಿನಾಯ್ ರಾಜ್ಯದ ಮೊದಲ ಕಪ್ಪು ಪದವೀಧರರಲ್ಲಿ ಒಬ್ಬರು. ಇಷ್ಟನ್ನು ಕಾಲೇಜು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಮುಂದಿನ ಕಥೆ ಅಷ್ಟು ಚೆಂದವಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಅದೇ ಕಾಲೇಜು ಕಪ್ಪು ವಿದ್ಯಾರ್ಥಿಗಳನ್ನು ದೂರ ಇಟ್ಟಿತ್ತು. 2023ರಲ್ಲಿ ಕಾಲೇಜೇ ತನ್ನ ಇತಿಹಾಸವನ್ನು ಕೆದಕಿ ದೀರ್ಘ ವರದಿ ಪ್ರಕಟಿಸಿತು, ಮಾಜಿ ಅಧ್ಯಕ್ಷ ಬಸ್ವೆಲ್ ಹೆಸರನ್ನು ಗ್ರಂಥಾಲಯದಿಂದ ತೆಗೆದುಹಾಕಿತು. ಸ್ವಂತ ತಪ್ಪನ್ನು ಬರೆದು ಅಚ್ಚು ಹಾಕುವ ಸಂಸ್ಥೆಗಳ ಬಗ್ಗೆ ನನಗೆ ಗೌರವವಿದೆ. ಆದರೂ ಬಿಳಿಯರೇ ಹೆಚ್ಚಿರುವ ಕ್ಯಾಂಪಸ್ಸು ಇದು, ಮಗಳು ಹೊರಡುವ ಮುಂಚೆ ಅದು ತಿಳಿದಿರಬೇಕು.

ಇನ್ನು ಸಭಾಪಾಲಕರು ಹೇಳಿದ ಶಿಸ್ತಿನ ವಿಷಯಕ್ಕೆ ಬರೋಣ. ವೀಟನ್ ಸೇರುವವರು "ಕಮ್ಯುನಿಟಿ ಕವನೆಂಟ್" ಎಂಬ ಒಡಂಬಡಿಕೆಗೆ ಒಪ್ಪಿಗೆ ಕೊಡಬೇಕು. ಪದವಿ ವಿದ್ಯಾರ್ಥಿಗಳಿಗೆ ಮದ್ಯ, ತಂಬಾಕು ಕ್ಯಾಂಪಸ್ಸಿನ ಒಳಗೂ ಇಲ್ಲ, ಹೊರಗೂ ಇಲ್ಲ. ಅಮೆರಿಕದ ಕಾನೂನಿನಂತೆ 21 ತುಂಬಿದವರಿಗೂ ಇಲ್ಲ. ಗಂಡು ಹೆಣ್ಣಿನ ಮದುವೆಯ ಹೊರಗಿನ ಲೈಂಗಿಕ ಸಂಬಂಧವನ್ನು, ಸಲಿಂಗ ಸಂಬಂಧವನ್ನೂ ಸೇರಿಸಿ, ಒಡಂಬಡಿಕೆ ಸ್ಪಷ್ಟ ಮಾತಿನಲ್ಲಿ ನಿಷೇಧಿಸುತ್ತದೆ. ಅಶ್ಲೀಲ ಚಿತ್ರವನ್ನೂ ಹೆಸರಿಟ್ಟು ಬೇಡ ಎನ್ನುತ್ತದೆ. ಅಪ್ರಾಮಾಣಿಕತೆ, ಅನ್ಯಾಯ, ಪೂರ್ವಗ್ರಹ ಇವೂ ಪಟ್ಟಿಯಲ್ಲಿವೆ, ಇವುಗಳಿಗೆ ವಾಸನೆ ನೋಡಿ ಹಿಡಿಯುವ ಉಪಾಯವಿಲ್ಲ ಅಷ್ಟೆ. ಹಾಸ್ಟೆಲ್ ಮಹಡಿಗಳು ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಒಬ್ಬರ ಮಹಡಿಗೆ ಇನ್ನೊಬ್ಬರು ಹೋಗಲು ನಿಗದಿತ ಸಮಯವುಂಟು.

ಈ ನಿಯಮಗಳು ಕಲ್ಲಿನಲ್ಲಿ ಕೆತ್ತಿದವೂ ಅಲ್ಲ. ಹಿಂದೆ ಸಿನಿಮಾ, ಇಸ್ಪೀಟು, ಡ್ಯಾನ್ಸು ಮೂರೂ ಪಾಪವೇ. ಡ್ಯಾನ್ಸಿನ ನಿಷೇಧ ತೆಗೆದು ಕ್ಯಾಂಪಸ್ಸಿನಲ್ಲಿ ಮೊದಲ ನೃತ್ಯಕೂಟ ನಡೆದದ್ದು 2003ರ ನವೆಂಬರಿನಲ್ಲಿ, ಕಾಲೇಜಿಗೆ 143 ವರ್ಷ ತುಂಬಿದ ಮೇಲೆ. ಅಮೆರಿಕದ ಪತ್ರಿಕೆಗಳಿಗೆ ಅದೊಂದು ತಮಾಷೆಯ ಸುದ್ದಿಯಾಗಿತ್ತು. ಇನ್ನೊಂದು ತಮಾಷೆ: ಸಿನಿಮಾ ನೋಡುವುದೇ ತಪ್ಪು ಎನ್ನುತ್ತಿದ್ದ ಕಾಲದಲ್ಲಿ ಇಲ್ಲಿ ಓದಿದ ವೆಸ್ ಕ್ರೇವನ್ ಮುಂದೆ ಹಾಲಿವುಡ್ಡಿನಲ್ಲಿ ಭಯಾನಕ ಚಿತ್ರಗಳ ದೊಡ್ಡ ನಿರ್ದೇಶಕನಾದ.

ನಮ್ಮ ಕಡೆಯ ವಾರ್ಡನ್ ಗೇಟಿಗೆ ಬೀಗ ಜಡಿದು ರಿಜಿಸ್ಟರ್ ಹಿಡಿದು ಕೂರುತ್ತಾರಲ್ಲ, ಅದನ್ನು ಅಲ್ಲಿ ಹುಡುಕಬೇಡಿ. ಪ್ರತಿ ಮಹಡಿಯಲ್ಲೂ ಒಬ್ಬ ಸೀನಿಯರ್ ವಿದ್ಯಾರ್ಥಿನಿ ಉಸ್ತುವಾರಿಗೆ ಇರುತ್ತಾಳೆ, ಅವಳ ಕೆಲಸ ಅಕ್ಕನದು, ಪೊಲೀಸಿನದಲ್ಲ. ಮಗಳು ಸಂಜೆ ಶಿಕಾಗೋ ರೈಲು ಹತ್ತಿದರೆ ನಿಮಗೆ ಫೋನ್ ಮಾಡಿ ತಿಳಿಸುವವರು ಯಾರೂ ಇಲ್ಲ. ಇನ್ನೊಂದು ಮಾತು, ಇದನ್ನು ನಿಮ್ಮ ಯಜಮಾನರಿಗೆ ಮೊದಲೇ ಹೇಳಿಬಿಡಿ: ಅಮೆರಿಕದಲ್ಲಿ 1974ರಿಂದ ಇರುವ ಕಾನೂನಿನ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಪ್ರಿನ್ಸಿಪಾಲರನ್ನು ಕಂಡು "ನನ್ನ ಮಗಳ ಅಟೆಂಡೆನ್ಸ್ ತೋರಿಸಿ" ಎನ್ನುವ ಪದ್ಧತಿ ಅಲ್ಲಿಲ್ಲ, ಅವಳು ಒಪ್ಪಿಗೆ ಕೊಟ್ಟರಷ್ಟೇ ಮಾರ್ಕ್ಸು ನಿಮ್ಮ ಕಣ್ಣಿಗೆ ಬೀಳುವುದು.

ನಿಯಮಗಳಿದ್ದಲ್ಲಿ ಎಲ್ಲರೂ ಸಾಧುಗಳಾಗಿರುತ್ತಾರೆ ಎಂದೂ ಇಲ್ಲ. 2016ರಲ್ಲಿ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಕ್ರೂರ ರ‍್ಯಾಗಿಂಗ್ ನಡೆದು, ಮರುವರ್ಷ ಐವರು ಆಟಗಾರರ ಮೇಲೆ ಪ್ರಕರಣ ದಾಖಲಾಗಿತ್ತು. ಬೇರೆ ಕಾಲೇಜುಗಳಿಗಿಂತ ವೀಟನ್ ಕೆಟ್ಟದ್ದು ಎಂದು ಇದರರ್ಥವಲ್ಲ. ಹದಿನೆಂಟು ಇಪ್ಪತ್ತರ ಹುಡುಗರು ಇರುವಲ್ಲಿ ಇರುವುದೆಲ್ಲ ಅಲ್ಲೂ ಇದೆ.

ದಿನಚರಿಯ ಬಗ್ಗೆ ಕೇಳಿದ್ದೀರಿ. ಇಡೀ ಕಾಲೇಜಿನ ಬದುಕು ಎಡ್ಮನ್ ಚಾಪೆಲ್ ಎಂಬ ದೊಡ್ಡ ಸಭಾಂಗಣದ ಸುತ್ತ ತಿರುಗುತ್ತದೆ. ಬೆಳಗಿನ ತರಗತಿಗಳ ನಡುವೆ, ವಾರದಲ್ಲಿ ಪ್ರತಿದಿನ ಅಲ್ಲವಾದರೂ ಹಲವು ದಿನ, ಎಲ್ಲರೂ ಅಲ್ಲಿ ಸೇರಬೇಕು, ಹಾಜರಿ ಕಡ್ಡಾಯ. ಕೀರ್ತನೆ, ಪ್ರಾರ್ಥನೆ, ಒಂದು ಪ್ರಸಂಗ (ಪ್ರವಚನ). ಪ್ರಸಂಗ ಮಾಡಲು ಬರುವವರು ಎಲ್ಲ ಕಡೆಯವರು, ಒಂದು ದಿನ ಮಿಷನರಿ, ಇನ್ನೊಂದು ದಿನ ಕಾಲೇಜಿನದೇ ಪ್ರೊಫೆಸರ್. ಯಾರ ಹೆಸರು ಆ ಕಟ್ಟಡಕ್ಕಿದೆಯೋ ಆ ಎಡ್ಮನ್, ಕಾಲೇಜಿನ ಮಾಜಿ ಅಧ್ಯಕ್ಷರು, 1967ರ ಸೆಪ್ಟೆಂಬರಿನಲ್ಲಿ ಇದೇ ವಿದ್ಯಾರ್ಥಿಗಳ ಮುಂದೆ ಆರಾಧನೆಯ ಬಗ್ಗೆ ಮಾತಾಡುತ್ತಿದ್ದಾಗಲೇ ಕುಸಿದು ತೀರಿಕೊಂಡರು. ಆ ಕಥೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ವಾರಗಟ್ಟಲೆ ಕಡ್ಡಾಯವಾಗಿ ಕೂತರೆ ಯಾವ ಪ್ರಾರ್ಥನೆಯೂ ರೂಢಿಯಾಗಿಬಿಡುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡುವವರು, ಮುಂದಿನ ತರಗತಿಯ ಟೆಸ್ಟಿಗೆ ಓದಿಕೊಳ್ಳುವವರು ಎಲ್ಲ ಕ್ರೈಸ್ತ ಕಾಲೇಜುಗಳಲ್ಲೂ ಇರುತ್ತಾರೆ.

ಭಾನುವಾರದ ಆರಾಧನೆಗೆ ಅವಳೇ ಒಂದು ಸಭೆ ಹುಡುಕಿಕೊಳ್ಳಬೇಕು. ಕಾಲೇಜು ಯಾವುದೇ ಒಂದು ಪಂಗಡಕ್ಕೆ ಸೇರಿದ್ದಲ್ಲ. ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಆಂಗ್ಲಿಕನ್, ಯಾವ ಪಂಗಡವೂ ಬೇಡ ಎನ್ನುವ ಸ್ವತಂತ್ರ ಸಭೆಯವರು, ಎಲ್ಲರೂ ಇದ್ದಾರೆ. ಸಿಎಸ್‌ಐ ಪದ್ಧತಿಗೆ ಹತ್ತಿರವಾದ ಆಂಗ್ಲಿಕನ್ ಸಭೆಗಳು ಆ ಊರಿನಲ್ಲಿವೆ. ಮಗಳಿಗೆ ಶಿಶು ದೀಕ್ಷಾಸ್ನಾನ ಆಗಿದ್ದರೆ, "ಅದು ಸ್ನಾನವೇ ಅಲ್ಲ" ಎಂದು ವಾದಿಸುವ ಗೆಳತಿ ಮೊದಲ ವಾರವೇ ಸಿಗುತ್ತಾಳೆ. ಉತ್ತರ ಹೇಳಲು ಅವಳಿಗೆ ತಿಳಿದಿರಲಿ. ದೃಢೀಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಸಾಕಾಗುವುದಿಲ್ಲ.

ಮೋಜಿಗೇನೂ ಕಡಿಮೆಯಿಲ್ಲ. ಹುಡುಗರ ಒಂದು ಮಹಡಿಗೆ ಹುಡುಗಿಯರ ಒಂದು ಮಹಡಿಯನ್ನು ಅಣ್ಣ ತಂಗಿಯರೆಂದು ಜೋಡಿಸುವ ರೂಢಿಯಿದೆ, ಒಟ್ಟಿಗೆ ಊಟ, ಆಟ, ತಿರುಗಾಟ. ಒಂದು ಸಿಮೆಂಟಿನ ಬೆಂಚಿದೆ. ಮೂರನೇ ವರ್ಷದವರೂ ಕೊನೆಯ ವರ್ಷದವರೂ ಅದನ್ನು ಒಬ್ಬರಿಂದೊಬ್ಬರು ಕದ್ದು ಬಚ್ಚಿಡುತ್ತ ಬಂದಿದ್ದಾರೆ, ತಲೆಮಾರುಗಳಿಂದ. ಮದುವೆ ನಿಶ್ಚಯವಾದ ಜೋಡಿ ಬ್ಲಾಂಚರ್ಡ್ ಹಾಲಿನ ಗೋಪುರ ಹತ್ತಿ ಗಂಟೆ ಬಾರಿಸುತ್ತದೆ. ಆ ಗಂಟೆಯ ಸದ್ದು ಬೇಸಿಗೆ ಹತ್ತಿರವಾದಂತೆ ಹೆಚ್ಚುತ್ತದೆ, ಏಕೆಂದರೆ ಪದವಿ ಮುಗಿಯುವುದರೊಳಗೆ ಉಂಗುರ ಬೀಳಬೇಕು ಎಂಬ ಒತ್ತಡ ಅಮೆರಿಕದ ಇಂಥ ಕಾಲೇಜುಗಳಲ್ಲಿ ಗುಟ್ಟೇನಲ್ಲ. ಹುಡುಗ ಹುಡುಗಿ ಮಾತಾಡುವುದೇ ಇಲ್ಲ ಎಂದು ನಿಮ್ಮ ಯಜಮಾನರು ಎಣಿಸಿದ್ದರೆ, ಇಪ್ಪತ್ತೆರಡಕ್ಕೇ ಮದುವೆ ಮಾತಾಡಿಕೊಳ್ಳುವ ಕಾಲೇಜು ಅದು ಎಂದು ಮೆಲ್ಲಗೆ ಹೇಳಿ. ಬಿಲ್ಲಿ ಗ್ರಹಾಂ ಕೂಡ ಮುಂದೆ ತಮ್ಮ ಮಡದಿಯಾದ ರೂತ್ ಬೆಲ್ ಅವರನ್ನು ಕಂಡದ್ದು ಅಲ್ಲೇ. ಗ್ರಹಾಂ 1943ರಲ್ಲಿ ಪದವಿ ಪಡೆದದ್ದು ಮಾನವಶಾಸ್ತ್ರದಲ್ಲಿ, ದೇವರಶಾಸ್ತ್ರದಲ್ಲಲ್ಲ.

ಈಗ ತಮ್ಮನ ಮಾತು. "ಕಾಲೇಜಲ್ಲ, ಚರ್ಚು" ಎಂಬುದನ್ನು ನಾನು ಒಪ್ಪುವುದಿಲ್ಲ. ವೀಟನ್‌ಗೆ ಹೈಯರ್ ಲರ್ನಿಂಗ್ ಕಮಿಷನ್ನಿನ ಮಾನ್ಯತೆ ಇದೆ, ಅಮೆರಿಕದ ಮಧ್ಯಭಾಗದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವುದೂ ಇದೇ ಸಂಸ್ಥೆ. ಬಿಎ, ಬಿಎಸ್ ಪದವಿಗಳು ನಾಲ್ಕು ವರ್ಷದವು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಮನಃಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಇವೆ. ಸಂಗೀತಕ್ಕೆ ಪ್ರತ್ಯೇಕ ಕನ್ಸರ್ವೇಟರಿ ಇದೆ. ಯಾವ ವಿಷಯ ಓದಿದರೂ ಸತ್ಯವೇದ ಮತ್ತು ಕ್ರೈಸ್ತ ಚಿಂತನೆಯ ಕೆಲವು ಕೋರ್ಸುಗಳು ಕಡ್ಡಾಯ. ವಿದ್ಯಾರ್ಥಿಗಳು ಆರು ತಿಂಗಳ ಮಟ್ಟಿಗೆ ಬಡ ದೇಶಗಳಿಗೆ ಹೋಗಿ, ಅಲ್ಲಿನ ಸಂಸ್ಥೆಗಳ ಜೊತೆ ಕೆಲಸ ಮಾಡಿ ಕಲಿಯುವ ಒಂದು ಕಾರ್ಯಕ್ರಮವನ್ನು ಕಾಲೇಜು ದಶಕಗಳಿಂದ ನಡೆಸುತ್ತಿದೆ. ಓದಿನ ಮಟ್ಟದ ಬಗ್ಗೆ ನನಗೆ ಸಂದೇಹವಿಲ್ಲ.

ನಂಬಿಕೆ ಮತ್ತು ವಿಜ್ಞಾನದ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಮಗಳು ಸೈನ್ಸ್ ಓದುವವಳು. ಅಲ್ಲಿನ ವಿಶ್ವಾಸ ಪ್ರಮಾಣದಲ್ಲಿ ಆದಾಮ ಹವ್ವರನ್ನು ದೇವರು ನೇರವಾಗಿ ಸೃಷ್ಟಿಸಿದ ಎಂಬ ಮಾತಿದೆ. ಅದಕ್ಕೆ ಒಪ್ಪಿಗೆ ಕೊಟ್ಟ ಪ್ರೊಫೆಸರುಗಳೇ ಜೀವಶಾಸ್ತ್ರವನ್ನೂ ಭೂವಿಜ್ಞಾನವನ್ನೂ ಹೇಳಿಕೊಡುತ್ತಾರೆ. ಅದೇ ಕಾಲೇಜಿನ ವಿಜ್ಞಾನ ಕಟ್ಟಡದಲ್ಲಿ ಆನೆಯ ಜಾತಿಗೆ ಸೇರಿದ ಮ್ಯಾಸ್ಟಡಾನ್ ಪ್ರಾಣಿಯ ಅಸ್ಥಿಪಂಜರ ನಿಂತಿದೆ. 1963ರಲ್ಲಿ ಪಕ್ಕದ ಗ್ಲೆನ್ ಎಲಿನ್ ಊರಿನಲ್ಲಿ ಒಬ್ಬ ನ್ಯಾಯಾಧೀಶರ ಜಮೀನಿನಲ್ಲಿ ಸಿಕ್ಕಿದ್ದು, ಹತ್ತು ಸಾವಿರ ವರ್ಷಕ್ಕೂ ಹಿಂದಿನದು. ಜಗತ್ತು ಹುಟ್ಟಿ ಆರೇ ಸಾವಿರ ವರ್ಷವಾಯಿತು ಎಂದು ನಂಬುವ ಮನೆಗಳಿಂದಲೂ ಮಕ್ಕಳು ಅಲ್ಲಿಗೆ ಬರುತ್ತಾರೆ. ಬಂದು ಆ ಎಲುಬುಗಳ ಕೆಳಗೇ ದಿನಾ ಓಡಾಡುತ್ತಾರೆ. ಭೂವಿಜ್ಞಾನದ ವಿದ್ಯಾರ್ಥಿಗಳು ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್‌ಗೆ ಹೋಗಿ ಬಂಡೆಗಳ ವಯಸ್ಸು ಓದುವುದನ್ನು ಕಲಿಯುತ್ತಾರೆ. ಹಾಗಾಗಿ ಮನೆಯಿಂದ ತಂದ ನಂಬಿಕೆ ಅಲ್ಲಿ ಹಾಗೇ ಕೂರುವುದಿಲ್ಲ. ಕೆಲವರದು ಗಟ್ಟಿಯಾಗುತ್ತದೆ, ಕೆಲವರದು ರೂಪ ಬದಲಿಸುತ್ತದೆ, ಕೆಲವರು ಬಿಟ್ಟೇ ಹೊರಡುತ್ತಾರೆ. ಕಾಲೇಜಿನ ಅತ್ಯಂತ ಒಳ್ಳೆಯ ಗುಣ ಇದೇ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಯಜಮಾನರಿಗೆ ಹಾಗೆನಿಸಲಿಕ್ಕಿಲ್ಲ.

ಪ್ರಶ್ನೆ ಕೇಳುವುದಕ್ಕೆ ಎಲ್ಲೆಯೂ ಇದೆ, ಅದು ವಿದ್ಯಾರ್ಥಿಗಳಿಗಿಂತ ಪ್ರೊಫೆಸರುಗಳಿಗೆ ಹೆಚ್ಚು ತಟ್ಟುತ್ತದೆ. 2015ರ ಡಿಸೆಂಬರಿನಲ್ಲಿ ರಾಜ್ಯಶಾಸ್ತ್ರದ ಪ್ರೊಫೆಸರ್ ಲರೀಶಿಯಾ ಹಾಕಿನ್ಸ್ ಮುಸ್ಲಿಮರಿಗೆ ಬೆಂಬಲವಾಗಿ ಹಿಜಾಬ್ ತೊಟ್ಟರು, ಕ್ರೈಸ್ತರೂ ಮುಸ್ಲಿಮರೂ ಆರಾಧಿಸುವ ದೇವರು ಒಬ್ಬನೇ ಎಂದು ಬರೆದರು. ಕಾಲೇಜು ಅವರನ್ನು ರಜೆಯ ಮೇಲೆ ಕಳಿಸಿತು, 2016ರ ಫೆಬ್ರವರಿಯಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡು ಬೇರೆಯಾದರು. ವಿದ್ಯಾರ್ಥಿಗಳೂ ಪ್ರೊಫೆಸರುಗಳೂ ಆಗ ಎರಡು ಪಾಲಾದರು, ಹಾಕಿನ್ಸ್ ಪರ ಬಹಿರಂಗವಾಗಿ ನಿಂತವರೂ ಇದ್ದರು. ಅದಕ್ಕೂ ಹತ್ತು ವರ್ಷ ಮುಂಚೆ ತತ್ವಶಾಸ್ತ್ರದ ಉಪನ್ಯಾಸಕರೊಬ್ಬರು ಕ್ಯಾಥೊಲಿಕ್ ಸಭೆಗೆ ಸೇರಿದಾಗ ಕೆಲಸ ಕಳೆದುಕೊಂಡಿದ್ದರು. ಮಂಗಳೂರಿನ ಕ್ಯಾಥೊಲಿಕ್ ಮನೆಯೊಂದಿಗೆ ಸಂಬಂಧ ಬೆಳೆಸುವುದು ನಮ್ಮ ಸಿಎಸ್‌ಐ ಕುಟುಂಬಗಳಿಗೆ ದೊಡ್ಡ ಸಂಗತಿಯಲ್ಲ, ಅಲ್ಲಿ ಆ ಗೆರೆ ಇನ್ನೂ ದಪ್ಪಗಿದೆ. ಸಲಿಂಗಿ ಮಕ್ಕಳ ಬದುಕಂತೂ ಅಲ್ಲಿ ಸುಲಭವಲ್ಲ, ಅಂಥ ಹಳೆಯ ವಿದ್ಯಾರ್ಥಿಗಳೇ 2011ರಲ್ಲಿ "ಒನ್‌ವೀಟನ್" ಎಂಬ ಬಳಗ ಕಟ್ಟಿಕೊಂಡು ಈಗ ಓದುತ್ತಿರುವವರಿಗೆ ಧೈರ್ಯದ ಪತ್ರ ಹಂಚಿದರು.

ನೌಕರಿಯ ವಿಷಯದಲ್ಲಿ ತಮ್ಮನ ಆತಂಕವನ್ನು ನಾನು ಬೇರೆ ರೀತಿಯಲ್ಲಿ ಒಪ್ಪುತ್ತೇನೆ. ತೊಡಕು ಬರುವುದು ಕ್ರೈಸ್ತ ಎಂಬ ಹೆಸರಿನಿಂದಲ್ಲ, ಒಂದೇ ವೃತ್ತಿಗೆ ತಯಾರು ಮಾಡದೆ ಹಲವು ವಿಷಯ ಓದಿಸುವ ಲಿಬರಲ್ ಆರ್ಟ್ಸ್ ಎಂಬ ಪದ್ಧತಿಯಿಂದ. ನಮ್ಮಲ್ಲಿ ಪಿಯುಸಿ ಸೈನ್ಸ್ ಎಂದರೆ ಮುಂದೆ ಎಂಬಿಬಿಎಸ್ಸೋ ಬಿಇಯೋ. ಅಲ್ಲಿ ಪದವಿ ಮುಗಿಸಿದರೆ ವೈದ್ಯೆಯಾಗುವುದಿಲ್ಲ. ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸೀಟು ಬಹಳ ಅಪರೂಪ, ಇಲ್ಲಿಗೆ ವಾಪಸ್ ಬಂದು ಎಂಬಿಬಿಎಸ್ ಮಾಡಲು ನೀಟ್ ಬರೆಯಲೇಬೇಕು. ಮಗಳ ಮನಸ್ಸಿನ ಮೂಲೆಯಲ್ಲಿ ಡಾಕ್ಟರ್ ಕನಸಿದ್ದರೆ ವೀಟನ್ ದಾರಿ ಸುತ್ತಿನದು. ಮನಃಶಾಸ್ತ್ರ, ಶಿಕ್ಷಣ, ಸಂಶೋಧನೆ ಅಂತಿದ್ದರೆ ಒಳ್ಳೆಯ ಬುನಾದಿ. ಪದವಿಯ ನಂತರ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಒಂದು ವರ್ಷ ಕೆಲಸ ಮಾಡುವ ಅವಕಾಶ ಸಿಗುತ್ತದೆ, ವಿಜ್ಞಾನ ಗಣಿತದ ಪದವಿಗಳಿಗೆ ಇನ್ನೂ 24 ತಿಂಗಳು ವಿಸ್ತರಿಸಬಹುದು. ಈ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವರ್ಷ ಮತ್ತೊಮ್ಮೆ ನೋಡಿಕೊಳ್ಳಿ.

ದುಡ್ಡು: ಬೋಧನಾ ಶುಲ್ಕವೇ ವರ್ಷಕ್ಕೆ 40,000 ಡಾಲರ್ ದಾಟುತ್ತದೆ, ವಸತಿ ಊಟ ಸೇರಿದರೆ 55,000ಕ್ಕೂ ಮೇಲೆ. ವಿಮೆ, ಪುಸ್ತಕ, ವಿಮಾನದ ಟಿಕೆಟ್ ಬೇರೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. ಸ್ಕಾಲರ್‌ಶಿಪ್ ಇದೆ, ಪೂರ್ತಿ ಖರ್ಚು ತುಂಬುವಂಥದ್ದು ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವುದು ಕಷ್ಟ. ಆಟದಲ್ಲಿ ಮುಂದಿದ್ದಾಳೆ ಎಂದು ಕ್ರೀಡಾ ಸ್ಕಾಲರ್‌ಶಿಪ್ ನೆಚ್ಚಬೇಡಿ, ವೀಟನ್ ಆಡುವುದು ಅಮೆರಿಕದ ಕಾಲೇಜು ಕ್ರೀಡಾ ಸಂಘಟನೆ ಎನ್‌ಸಿಎಎಯ ಮೂರನೇ ವಿಭಾಗದಲ್ಲಿ, ಅಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಓದುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು, ಅದು ಕೈಖರ್ಚಿಗಾಯಿತು. ಹೊಲವನ್ನೋ ಮನೆಯನ್ನೋ ಅಡವಿಟ್ಟು ಪದವಿಗೆ ಕಳಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಇಲ್ಲಿ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಅಲ್ಲಿಗೆ ಹೋಗುವ ದಾರಿಯೂ ಇದೆ, ಅಗ್ಗವೂ ಹೌದು.

ಹಣದ ಲೆಕ್ಕ ಹೊಂದಿತು ಎನ್ನಿ. ಆಗ ಮೊದಲು ಮಾಡಬೇಕಾದ್ದು ಇಷ್ಟು. ಒಡಂಬಡಿಕೆಯ ಪೂರ್ತಿ ಪಠ್ಯ ಕಾಲೇಜಿನ ವೆಬ್‌ಸೈಟಿನಲ್ಲಿದೆ, ಮಗಳು ಒಬ್ಬಳೇ ಕೂತು ಓದಲಿ. ಸಭಾಪಾಲಕರೂ ನೀವೂ ಪಕ್ಕದಲ್ಲಿ ಕೂರಬೇಡಿ. ಓದಿದ ಮೇಲೆ "ಯಾವುದು ಒಪ್ಪಿಗೆ, ಯಾವುದಕ್ಕೆ ಮನಸ್ಸು ಹಿಂಜರಿಯುತ್ತದೆ" ಎಂದು ಕೇಳಿ. ಎಲ್ಲವೂ ಒಪ್ಪಿಗೆ ಎಂದು ಥಟ್ಟನೆ ಹೇಳಿದರೆ ಸರಿಯಾಗಿ ಓದಿಲ್ಲ ಎಂದೇ ನನ್ನ ಅನುಮಾನ. ಅರ್ಜಿಯ ಜೊತೆಗೆ ತನ್ನ ನಂಬಿಕೆಯ ಬಗ್ಗೆ ಬರೆಯಬೇಕಾದ ಸಾಕ್ಷಿಯನ್ನು ಅವಳೇ ಬರೆಯಲಿ. ಉಜ್ಜೀವನ ಕೂಟಗಳಲ್ಲಿ ಕೇಳುವ ಸಾಕ್ಷಿಯ ಧಾಟಿ ಅಲ್ಲಿ ಬೇಕಾಗಿಲ್ಲ, ಸಂದೇಹಗಳಿದ್ದರೆ ಅವನ್ನೂ ಬರೆಯಬಹುದು. ಶಿಫಾರಸು ಪತ್ರವನ್ನು ಅವಳನ್ನು ಹತ್ತಿರದಿಂದ ಬಲ್ಲ ಸಭಾಪಾಲಕರಿಂದಲೇ ಬರೆಸಿ, ದೊಡ್ಡ ಹುದ್ದೆಯವರ ಹಿಂದೆ ಬೀಳಬೇಡಿ.

ಪ್ರವೇಶ ಸಿಕ್ಕ ಮೇಲೆ ಐ-20 (ವೀಸಾಕ್ಕೆ ಬೇಕಾಗುವ, ಕಾಲೇಜು ಕೊಡುವ ಪತ್ರ) ಬರಬೇಕಾದರೆ ಒಂದು ವರ್ಷದ ಖರ್ಚಿಗೆ ಸಾಕಾಗುವಷ್ಟು ಹಣವಿದೆ ಎಂದು ಬ್ಯಾಂಕ್ ಕಾಗದ ತೋರಿಸಬೇಕು, ಆಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆ ಸರ್ಕಾರ ಪಡೆಯುವ 350 ಡಾಲರ್ ಸೆವಿಸ್ ಶುಲ್ಕ, ಚೆನ್ನೈ ಅಥವಾ ಹೈದರಾಬಾದ್‌ನಲ್ಲಿ ವೀಸಾ ಸಂದರ್ಶನ. ಅದಕ್ಕೂ ಮುಂಚೆ ನಿಮ್ಮ ತಮ್ಮನಿಗೆ ಒಂದು ಕೆಲಸ ಹಚ್ಚಿ: ತರಗತಿ ನಡೆಯುವ ದಿನ ನೋಡಿ, ಅನುಮತಿ ಕೇಳಿ ಕ್ಯಾಂಪಸ್ಸಿಗೆ ಹೋಗಿ ಚಾಪೆಲ್‌ನಲ್ಲೂ ಊಟದ ಹಾಲಿನಲ್ಲೂ ಕೂತು ಬರಲಿ, ಮಗಳನ್ನು ವೀಡಿಯೊ ಕಾಲ್‌ನಲ್ಲಿ ಜೊತೆಗಿಟ್ಟುಕೊಂಡು ಭಾರತದಿಂದ ಬಂದ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಮಾತಾಡಿಸಲಿ.